ಬಂದ ಅಂಕಕ್ಕೆ ಆಕ್ಷೇಪಣೆ

ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ದಿನ ನಮ್ಮ ಮನೆಯ ಬಾಗಿಲು ಹುಣಸೆಮರದ ಕಡೆಗಿತ್ತು. ಆಷಾಢದ ಮೊದಲ ವಾರ. ಬಾಗಿಲು ಹುಣಸೆಮರ ದಾಟಿ ಶಾಲೆಯ ಗೋಡೆಗೆ ಬರುವಷ್ಟರಲ್ಲಿ ಶ್ರಾವಣ ಮುಗಿದಿರುತ್ತದೆ, ದಸರೆಗೆ ಕೆರೆ ಕಾಣುತ್ತದೆ, ಸಂಕ್ರಾಂತಿಯ ಹೊತ್ತಿಗೆ ಎದುರುಮನೆ. ನಮ್ಮೂರಿನಲ್ಲಿ ಎದುರುಮನೆ ವರ್ಷಕ್ಕೊಮ್ಮೆ ಮಾತ್ರ ಎದುರುಮನೆ. ಆ ಹತ್ತು ಹದಿನೈದು ದಿನಗಳಲ್ಲೇ ಹೆಣ್ಣು ಕೇಳುವುದು, ಹಳೆಯ ಮುನಿಸು ಮುರಿಯುವುದು, ಹೊಸ ಮುನಿಸು ಶುರುಮಾಡುವುದು ಎಲ್ಲ ಆಗಬೇಕು. ವರ್ಷಕ್ಕೊಂದು ಸುತ್ತು ತಿರುಗುವಾಗ ಮನೆಗಳ ಮೂಲೆಗಳು ತಾಗಬಾರದೆಂದು ಮನೆ ಮನೆಯ ನಡುವೆ ಒಂದು ಎಮ್ಮೆ ಆರಾಮಾಗಿ ಹೊರಳುವಷ್ಟು ಜಾಗ ಬಿಟ್ಟಿರುತ್ತಾರೆ. ಅಪ್ಪ ಊರಿನ ಅಂಚೆಯವನು. ಯಾವ ತಿಂಗಳು ಯಾರ ಬಾಗಿಲು ಎಲ್ಲಿ ಎನ್ನುವುದು ಅಪ್ಪನಿಗೆ ಬಾಯಿಪಾಠ.

ಆ ದಿನ ಅಪ್ಪನ ಚೀಲದಲ್ಲಿ ನಮ್ಮ ಮನೆಗೇ ಎರಡು ಲಕೋಟೆಗಳಿದ್ದವು. ಒಂದು ನನ್ನ ಹೆಸರಿಗೆ, ಕುಮಾರಿ ದಾಕ್ಷಾಯಿಣಿ. ಇನ್ನೊಂದು ಅವ್ವನ ಹೆಸರಿಗೆ, ಶ್ರೀಮತಿ ಸಣ್ಣೀರಮ್ಮ. ತಾಯಿ ಮಗಳಿಬ್ಬರೂ ಒಂದೇ ಪರೀಕ್ಷೆ ಬರೆದಿದ್ದೆವು.

ಅವ್ವ ಗಾರೆ ಕೆಲಸದವಳು. ಮನೆಯ ತಳದಲ್ಲಿ ಹಾಸುವ ಉಂಡೆಕಲ್ಲುಗಳನ್ನು ಅವಳಷ್ಟು ಹದವಾಗಿ ಕೂರಿಸುವವರು ಊರಿನಲ್ಲಿ ಯಾರೂ ಇರಲಿಲ್ಲ. ಅವಳು ಕೂರಿಸಿದ ಮನೆ ತಿರುಗುವುದು ಒಳಗೆ ಮಲಗಿದ ಕೂಸಿಗೂ ಗೊತ್ತಾಗುವುದಿಲ್ಲ. ಬೇರೆಯವರು ಕೂರಿಸಿದ್ದಾದರೆ ವರ್ಷಕ್ಕೆರಡು ಸಲವಾದರೂ ಅಟ್ಟದ ಪಾತ್ರೆ ಕೆಳಗೆ ಬೀಳುತ್ತದೆ. ಇಪ್ಪತ್ತೆರಡು ವರ್ಷ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಆಮೇಲೆ ರಾಜಧಾನಿಯಿಂದ ಆದೇಶ ಬಂತು. ಊರಾಚೆಯ ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಐದು ವರ್ಷ ಓದಿ ಪ್ರಮಾಣಪತ್ರ ಪಡೆದವರು ಮಾತ್ರ ಇನ್ನು ಮುಂದೆ ಹೊಸ ಮನೆ ಕಟ್ಟಬಹುದು. ಕಾಲೇಜು ಸೇರಲು ಪ್ರವೇಶ ಪರೀಕ್ಷೆ. ನೂರಿಪ್ಪತ್ತು ಪ್ರಶ್ನೆ, ನೂರಿಪ್ಪತ್ತು ಅಂಕ, ನಲವತ್ತು ಊರುಗಳಿಗೆ ಒಂದೇ ಪತ್ರಿಕೆ. ಈಗಾಗಲೇ ಕಟ್ಟುವ ಕೆಲಸದಲ್ಲಿರುವವರೂ ಕೂರಬಹುದು, ಓದಿನ ಅಡ್ಡಿಯಿಲ್ಲ, ವಯಸ್ಸಿನ ಅಡ್ಡಿಯಿಲ್ಲ ಎಂದು ಕೊನೆಗೊಂದು ಸಾಲು ಸೇರಿಸಿ ಉಪಕಾರ ಮಾಡಿದ್ದರು.

ಕಾಲೇಜು ಬಂದು ಹನ್ನೆರಡು ವರ್ಷವಾಗಿದ್ದರೂ ನಮ್ಮೂರಿನ ಒಂದು ಮಗುವೂ ಅದರ ಮೆಟ್ಟಿಲು ಹತ್ತಿರಲಿಲ್ಲ. ಹೇಳಿಕೊಡುವವರಿಲ್ಲದೆ ಲೆಕ್ಕದಲ್ಲಿ ಒಂದಿಷ್ಟು ಅಂಕ ಹೋಗುತ್ತಿದ್ದವು, ಉಳಿದದ್ದನ್ನು ದಿಕ್ಕಿನ ಪ್ರಶ್ನೆಗಳು ನುಂಗುತ್ತಿದ್ದವು. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳಬೇಕಾದರೆ ಅದರ ಕಿಟಕಿ ಯಾವ ದಿಕ್ಕಿಗಿರಬೇಕು? ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಒಂದೊಂದರ ಮುಂದೆ ಒಂದೊಂದು ಸಣ್ಣ ವೃತ್ತ, ಸರಿಯಾದದ್ದನ್ನು ಕಪ್ಪು ಮಾಡಬೇಕು. ನಮ್ಮ ಮಕ್ಕಳು ತಲೆಯೆತ್ತಿ, ಯಾವ ತಿಂಗಳಲ್ಲಿ ಎಂದು ಕೇಳುತ್ತಿದ್ದರು. ಮೇಲ್ವಿಚಾರಕರು ಸುಮ್ಮನೆ ಬರೆಯಿರಿ ಎನ್ನುತ್ತಿದ್ದರು.

ನನಗೆ ಆ ಕಾಲೇಜು ಬೇಕಿತ್ತು. ಅವ್ವನ ಕೈಗೆ ಗೊತ್ತಿದ್ದದ್ದು ಅವಳ ಬಾಯಿಗೆ ಬರುತ್ತಿರಲಿಲ್ಲ. ಈ ಕಲ್ಲು ಇಲ್ಲೇ ಯಾಕೆ ಎಂದು ಕೇಳಿದರೆ, ಅಲ್ಲಿಟ್ರೆ ಮನೆ ಗೊಣಗುತ್ತೆ ಎನ್ನುವಳು. ಅದನ್ನು ಕಾಗದದ ಮೇಲೆ ತರುವುದನ್ನು ಕಲಿಯಬೇಕೆಂದು ನನಗೆ ಹಟ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕಿ ತಂದೆ. ಅವುಗಳಲ್ಲಿದ್ದ ಮನೆಗಳೆಲ್ಲ ನಿಂತ ಮನೆಗಳು. ನಿಂತ ಮನೆಯನ್ನು ಮನಸ್ಸಿಗೆ ತಂದುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ಕೊನೆಗೆ ರಟ್ಟಿನಲ್ಲಿ ಒಂದು ಮನೆ ಮಾಡಿ, ಹಲಗೆಗಿಟ್ಟು ನಾಲ್ಕು ಮೂಲೆಗೂ ಮೊಳೆ ಹೊಡೆದೆ. ದಿನಾ ಬೆಳಗ್ಗೆ ಹಲಗೆಯನ್ನು ಅಂಗಳದಲ್ಲಿ ಅದೇ ಜಾಗಕ್ಕಿಟ್ಟು, ಅದರ ಕಿಟಕಿಯನ್ನೇ ನೋಡುತ್ತ ಕೂರುತ್ತಿದ್ದೆ. ಅವ್ವ ಒಂದು ದಿನ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಅದನ್ನು ಮೆಲ್ಲಗೆ ನೂಕಿ ನೋಡಿದಳು.

"ಇದಕ್ಕೇನಾಗಿದ್ಯೇ ದಾಕ್ಷಿ? ಹುಷಾರಿಲ್ವಾ?"

"ಪರೀಕ್ಷೆ ಮನೆ ಅವ್ವ ಇದು. ಇದು ಹಿಂಗೇ ಇರುತ್ತೆ."

"ವರ್ಷವೆಲ್ಲಾ?"

"ವರ್ಷವೆಲ್ಲಾ."

"ಪಾಪ" ಎಂದು ಎದ್ದು ಹೋದಳು.

ಪರೀಕ್ಷೆಯ ಕೋಣೆಯಲ್ಲಿ ಅವ್ವ ನನಗಿಂತ ಎರಡು ಸಾಲು ಮುಂದಿದ್ದಳು. ಸುಣ್ಣ ಹಿಡಿದ ಬೆರಳುಗಳಲ್ಲಿ ಪೆನ್ನು ಮಗುವಿನ ಹಲ್ಲಿನಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಅವಳು ಲೆಕ್ಕದ ಪ್ರಶ್ನೆಗಳನ್ನೆಲ್ಲ ದಾಟಿ ನೇರವಾಗಿ ಮನೆಯ ಪ್ರಶ್ನೆಗಳಿಗೆ ಬಂದು, ನಾಲ್ಕೂ ವೃತ್ತಗಳನ್ನು ನಿಧಾನವಾಗಿ, ಅಂಚು ಬಿಡದಂತೆ ಕಪ್ಪು ಮಾಡುತ್ತಿದ್ದಳು. ಮೇಲ್ವಿಚಾರಕಿ ಬಂದು ಬಗ್ಗಿ ನೋಡಿದರು.

"ಅಮ್ಮ, ಒಂದನ್ನ ಮಾತ್ರ ತುಂಬಬೇಕು. ನಾಲ್ಕೂ ತುಂಬಿದ್ರೆ ಮಿಷನ್ ತಗೊಳಲ್ಲ."

"ಯಾವ ಗೋಡೇಲಿ ಕಿಟಕಿ ಇಟ್ರೂ ಮೂರು ತಿಂಗಳು ಬೆಳಗಿನ ಬಿಸಿಲು ಬರುತ್ತಲ್ಲ ತಾಯಿ. ಒಂದನ್ನ ಬರ್ದು ಉಳಿದ ಮೂರನ್ನ ಯಾಕ್ ಬಿಡ್ಲಿ?"

"ಅದು ಮಿಷನ್‌ಗೆ ಗೊತ್ತಾಗಲ್ಲಮ್ಮ."

"ಹಂಗಾದ್ರೆ ಅದಕ್ಕೂ ಯಾರಾದ್ರೂ ಹೇಳ್ಕೊಡಿ" ಎಂದು ಅವ್ವ ಮುಂದಿನ ವೃತ್ತಕ್ಕೆ ಹೋದಳು. ಹಿಂದಿನಿಂದ ಯಾರೋ ನಕ್ಕರು. ನಾನು ತಲೆ ತಗ್ಗಿಸಿ ಪೂರ್ವ ಎನ್ನುವುದನ್ನು ತುಂಬಿದೆ.

ಲಕೋಟೆ ಒಡೆದಾಗ ನನಗೆ ಎಂಬತ್ತೇಳು ಬಂದಿತ್ತು, ಅವ್ವನಿಗೆ ಇಪ್ಪತ್ತಮೂರು. ಸೀಟಿಗೆ ಬೇಕಿದ್ದದ್ದು ಎಂಬತ್ತನಾಲ್ಕು. ಅಪ್ಪ ಇನ್ನೂ ಹಂಚಬೇಕಾದ ಕಾಗದಗಳನ್ನೆಲ್ಲ ಜಗಲಿಯ ಮೇಲೆ ಸುರಿದು ಸಕ್ಕರೆ ಹುಡುಕಿಕೊಂಡು ಒಳಗೆ ಹೋದ. ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟಳು. "ಹೋಗು, ಕಲ್ತ್ಕೊಂಡು ಬಾ" ಎಂದಳು. ಅವಳ ಕಣ್ಣು ತುಂಬಿತ್ತು, ಸಂತೋಷದಿಂದಲೇ. ಸ್ವಲ್ಪ ಹೊತ್ತಿನ ಮೇಲೆ ಕೈ ತೊಳೆಯುತ್ತ ಕೇಳಿದಳು, "ಅಡುಗೆಮನೆ ಕಿಟಕಿಗೆ ಏನ್ ತುಂಬಿದ್ದೆ?"

"ಪೂರ್ವ."

"ಹ್ಞೂಂ" ಎಂದಳು. ಅಷ್ಟೇ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

ಮರುದಿನ ಬೆಳಗ್ಗೆ ಹೊಸ ಬಡಾವಣೆಯಿಂದ ಒಬ್ಬಳು ಓಡಿಬಂದಳು. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದವರೆಲ್ಲ ಕಾಲೇಜಿನಲ್ಲಿ ಓದಿದವರು. ಮನೆ ಅಂದರೆ ನಿಲ್ಲಬೇಕು ಎಂದು ಅವರು ತಳಕ್ಕೆ ಕಬ್ಬಿಣದ ಸರಳುಗಳನ್ನು ಹೊಡೆದು ಬಂಡೆಗೆ ಬಿಗಿದಿದ್ದರು. ಆ ಮನೆಗಳು ಎರಡು ವರ್ಷದಿಂದ ನರಳುತ್ತಿದ್ದವು. ಅವತ್ತು ಹೊಲಿಗೆಯ ಅಂಬಕ್ಕನ ಮನೆಯ ಹಿಂದಿನ ಗೋಡೆ ಹೊಟ್ಟೆಬಿಟ್ಟು ಬಾಗಿತ್ತು, ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಂಡಿತ್ತು, ಒಳಗೆ ಅಂಬಕ್ಕ ಮತ್ತು ಹಾಸಿಗೆ ಹಿಡಿದ ಅವಳ ಅತ್ತೆ. ಅವ್ವ ಹಾರೆ, ಕಬ್ಬಿಣ ಕೊಯ್ಯುವ ಗರಗಸ ತೆಗೆದುಕೊಂಡು ಹೊರಟಳು, ನಾನೂ ಹಿಂದೆ ಹೋದೆ. ಅಲ್ಲಿ ಕಾಲೇಜಿನ ಕಡೆಯಿಂದ ಬಂದ ಹಳದಿ ಟೋಪಿಯ ಸೂಪರ್‌ವೈಸರ್ ಅಡ್ಡ ನಿಂತಿದ್ದ. ವಯಸ್ಸು ಇಪ್ಪತ್ತೈದು ಇದ್ದೀತು, ಹೆದರಿದ್ದ.

"ಸರಳು ಮುಟ್ಟಬೇಡಿ. ಮೇಲಿನವರಿಗೆ ಫೋನ್ ಮಾಡಿದೀನಿ. ನಿಮ್ಮತ್ರ ಪ್ರಮಾಣಪತ್ರ ಇದ್ಯಾ?"

"ಒಳಗೆ ಮನುಷ್ಯರಿದಾರಪ್ಪ" ಎಂದಳು ಅವ್ವ. "ನಿನ್ನ ಪತ್ರ ತಂದು ಆ ಗೋಡೆಗೆ ಆನಿಸಿ ಹಿಡ್ಕೊ. ಅಷ್ಟರಲ್ಲಿ ನಾನು ನನ್ ಕೆಲಸ ಮಾಡ್ತೀನಿ."

ಅವನು ನನ್ನ ಕಡೆ ತಿರುಗಿದ. ನನ್ನ ಹೆಸರು ಹಿಂದಿನ ದಿನ ಕಾಲೇಜಿನ ಫಲಕದಲ್ಲಿ ಬಂದಿತ್ತು. "ನೀವು ನಮ್ಮ ಹೊಸ ಬ್ಯಾಚಿನವರಲ್ವಾ? ನಿಮ್ಮ ತಾಯಿಗೆ ನೀವಾದ್ರೂ ಹೇಳಿ. ನಿಮಗೆ ಗೊತ್ತಲ್ಲ."

ನನಗೆ ಗೊತ್ತಿತ್ತು. ಅದೇ ನನ್ನನ್ನು ಚುಚ್ಚಿದ್ದು. ಆ ಸರಳುಗಳನ್ನು ಹೊಡೆದವರು ಬರೆದ ಉತ್ತರವನ್ನೇ ನಾನೂ ಬರೆದಿದ್ದೆ, ಗೊತ್ತಿದ್ದೂ ಬರೆದಿದ್ದೆ, ಅದಕ್ಕೇ ಅವನು ನನ್ನನ್ನು ತಮ್ಮವಳೆಂದುಕೊಂಡಿದ್ದ. ನಾನು ಹಾರೆಯ ಇನ್ನೊಂದು ತುದಿ ಹಿಡಿದೆ. ಆರು ಸರಳು ಕೊಯ್ಯಲು ಮಧ್ಯಾಹ್ನವಾಯಿತು. ಆರನೆಯದು ತುಂಡಾದಾಗ ಮನೆ ದೊಡ್ಡದಾಗಿ ಉಸಿರುಬಿಟ್ಟು ಒಂದು ಮಾರು ತಿರುಗಿತು, ಬಾಗಿಲು ತಾನಾಗಿ ತೆರೆಯಿತು. ಅಂಬಕ್ಕ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಹೊರಗೆ ಬಂದಳು. ಅವಳ ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಅತ್ತೆ ಮಾತ್ರ, ನನ್ನ ಚಾಪೆ ಒಳಗೇ ಉಳೀತು ಎಂದು ಸೊಸೆಗೆ ಬೈಯುತ್ತಿತ್ತು.

ಕೀ ಉತ್ತರಗಳಿಗೆ ಆಕ್ಷೇಪಣೆ ಸಲ್ಲಿಸಲು ಫಲಿತಾಂಶ ಬಂದ ಮೂರು ದಿನದವರೆಗೆ ಅವಕಾಶವಿರುತ್ತದೆ. ಮೂರನೆಯ ದಿನ ನಾನು ಕಾಲೇಜಿನ ಕಚೇರಿಗೆ ಹೋದೆ. ಗುಮಾಸ್ತ ಮುನಿವೆಂಕಟಪ್ಪನವರು ನಮ್ಮೂರಿನವರೇ, ಅಪ್ಪನ ಗೆಳೆಯರು. ನನ್ನ ಅರ್ಜಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಮಗಾ, ಹನ್ನೊಂದು ಪ್ರಶ್ನೆಗೆ ಆಕ್ಷೇಪಣೆ ಹಾಕಿದೀಯ. ಹನ್ನೊಂದಕ್ಕೂ ನಿನಗೆ ಅಂಕ ಬಂದಿದೆ."

"ಗೊತ್ತು ಮಾವ."

"ಬರದೇ ಇರೋ ಅಂಕಕ್ಕೆ ಜನ ಆಕ್ಷೇಪಣೆ ಹಾಕ್ತಾರೆ. ಬಂದಿರೋ ಅಂಕಕ್ಕೆ ಯಾರು ಹಾಕ್ತಾರೆ? ಇವು ಹೋದ್ರೆ ನಿನಗೆ ಉಳಿಯೋದು ಎಪ್ಪತ್ತಾರು. ಸೀಟು ಹೋಗುತ್ತೆ."

"ಉತ್ತರ ತಪ್ಪಿದೆಯಲ್ಲ ಮಾವ. ನಿಮ್ಮನೆ ಅಡುಗೆಮನೆ ಕಿಟಕಿ ಈಗ ಯಾವ ಕಡೆಗಿದೆ?"

ಅವರು ಮೊಹರು ಒತ್ತಿದರು. ಆಮೇಲೆ ಒಂದು ಕಲಮನ್ನು ತೋರಿಸಿ, ಇದನ್ನು ಖಾಲಿ ಬಿಟ್ಟರೆ ಅರ್ಜಿ ತಿರಸ್ಕಾರವಾಗುತ್ತದೆ ಎಂದರು. ‘ಆಧಾರ ಗ್ರಂಥ’ ಎಂದಿತ್ತು. ನಮ್ಮೂರಿನ ಮನೆಗಳ ಬಗ್ಗೆ ಯಾರೂ ಗ್ರಂಥ ಬರೆದಿರಲಿಲ್ಲ. ನಾನು ಅಲ್ಲಿ, ‘ಸಣ್ಣೀರಮ್ಮ, ಗಾರೆ ಕೆಲಸ, ಇಪ್ಪತ್ತೆರಡು ವರ್ಷ’ ಎಂದು ಬರೆದೆ.

ವಿಚಾರಣೆಗೆ ಕರೆ ಬಂತು. ಕಾಲೇಜಿನ ಕಟ್ಟಡವೂ ಬಿಗಿದು ನಿಲ್ಲಿಸಿದ್ದೇ. ಗೋಡೆಗಳ ತುಂಬ ಬಿರುಕು, ಬಿರುಕುಗಳ ಮೇಲೆ ಸಿಮೆಂಟಿನ ತೇಪೆ. ಬಿಸಿಲಿಗೆ ಹಿಗ್ಗಿ ಬಿರುಕು ಬಿಡುತ್ತದೆ ಎಂದು ಅವರು ವರ್ಷವೂ ವರದಿ ಬರೆಯುತ್ತಾರೆ. ಸಮಿತಿಯ ಅಧ್ಯಕ್ಷರು ರಾಜಧಾನಿಯಿಂದ ಬಂದಿದ್ದರು. ಬಿಳಿಗೂದಲಿನ, ಮೆಲುಮಾತಿನ ಮನುಷ್ಯ. ನನಗೆ ಕುರ್ಚಿ ತೋರಿಸಿ, ನೀರು ತರಿಸಿಕೊಟ್ಟರು. ಮಾತಿನ ನಡುವೆ ಸೂರಿನಿಂದ ಗಾರೆಯ ಪುಡಿ ಕಡತದ ಮೇಲೆ ಉದುರಿತು, ಅವರು ಅದನ್ನು ಊದಿ ಪುಟ ತಿರುಗಿಸಿದರು.

"ನೋಡಮ್ಮ, ಈ ಪರೀಕ್ಷೆ ನಲವತ್ತು ಊರಿಗೆ ಒಂದೇ. ಬಡವರ ಮಗ, ಸಾಹುಕಾರರ ಮಗ, ಯಾರಿಗೂ ಬೇರೆ ಅಳತೆ ಇಲ್ಲ. ಶಿಫಾರಸು ನಡೆಯಲ್ಲ. ಇದನ್ನ ತರೋಕೆ ನಾವು ಎಷ್ಟು ಕಷ್ಟಪಟ್ಟಿದೀವಿ ಗೊತ್ತಾ? ಒಂದೊಂದು ಊರಿಗೂ ಒಂದೊಂದು ಸರಿಯುತ್ತರ ಅಂದ್ರೆ ಅಳತೆಗೆ ಅರ್ಥ ಏನುಳಿಯುತ್ತೆ?"

ಅವರು ಮೋಸಗಾರರಲ್ಲ, ಅವರ ಮಾತಿನಲ್ಲಿ ನಿಜವಿತ್ತು. ಆದರೂ ಹೇಳಿದೆ. "ಸರ್, ಉಳಿದ ಊರುಗಳಲ್ಲಿ ಮನೆ ನಿಂತಿರಬಹುದು. ನಿಮ್ಮಲ್ಲಿ ಪಾಸಾದೋರು ಮನೆ ಕಟ್ಟೋಕೆ ಬರೋದು ನಮ್ಮೂರಿಗೆ. ಹೋದ ವಾರ ಅಂಬಕ್ಕನ ಗೋಡೆ ಒಡೀತು."

"ಅದು ಕಾಮಗಾರಿಯ ದೋಷ."

"ಕಟ್ಟಿದೋರಿಗೆ ನಿಮ್ಮ ಪರೀಕ್ಷೇಲಿ ನೂರಾ ನಾಲ್ಕು ಬಂದಿತ್ತಂತೆ ಸರ್. ನಮ್ಮವ್ವನಿಗೆ ಇಪ್ಪತ್ತಮೂರು. ಗೋಡೆ ಬೀಳೋದನ್ನ ತಡೆದೋಳು ಅವಳು."

ಅವರು ನನ್ನ ಉತ್ತರ ಹಾಳೆಯನ್ನು ಎತ್ತಿ ತೋರಿಸಿದರು. "ನಿನಗೂ ಸರಿಯುತ್ತರ ಗೊತ್ತಿತ್ತಲ್ಲ. ನೀನೂ ಇದೇ ಊರಿನವಳೇ. ನೀನು ಕಲಿತ ಹಾಗೆ ಉಳಿದವರೂ ಕಲೀಬಹುದು."

"ನಮ್ಮನೆ ಹೆಂಗಿದೆ ಅನ್ನೋದನ್ನ ಎರಡು ಗಂಟೆ ಮರೆತು ಕೂತಿದ್ದಕ್ಕೆ ಬಂದ ಅಂಕ ಸರ್ ಅವು. ಅವನ್ನ ತೆಗೀರಿ. ಸರಿಯಾಗಿ ಬರೆದವರಿಗೆ ಕೊಡಿ."

ಸಮಿತಿಯವರು ಒಳಗೆ ಹೋಗಿ ಒಂದು ಗಂಟೆ ಮಾತಾಡಿಕೊಂಡು ಬಂದರು. ತೀರ್ಮಾನ ಹೀಗಿತ್ತು: ಆ ಹನ್ನೊಂದು ಪ್ರಶ್ನೆಗಳಿಗೆ ಎಲ್ಲರಿಗೂ ಕೃಪಾಂಕ. ಸರಿ ಬರೆದವರಿಗೂ, ತಪ್ಪು ಬರೆದವರಿಗೂ, ಏನೂ ಬರೆಯದವರಿಗೂ. ಹೊರಗಿನವರಿಗೆ ಆ ಅಂಕ ಮೊದಲೇ ಬಂದಿತ್ತು. ನಮ್ಮೂರಿನ ಮಕ್ಕಳಲ್ಲಿ ಐವತ್ತರ ಆಚೀಚೆ ಇದ್ದವರು ಅರವತ್ತರ ಆಚೀಚೆಗೆ ಬಂದರು. ಅವ್ವನಿಗೆ ಮೂವತ್ತನಾಲ್ಕಾಯಿತು. ಸೀಟಿನ ಪಟ್ಟಿಯಲ್ಲಿ ಒಂದು ಹೆಸರೂ ಮೇಲೆ ಕೆಳಗೆ ಆಗಲಿಲ್ಲ. ಅಧ್ಯಕ್ಷರು ಸಮಾಧಾನದಿಂದ ನಕ್ಕರು. "ನಿನ್ನ ಸೀಟೂ ಉಳೀತು, ನಿನ್ನ ಮಾತೂ ನಡೀತು. ಇಲ್ಲಿ ಸಹಿ ಹಾಕಮ್ಮ."

"ನನಗೆ ಕೃಪಾಂಕ ಬೇಡ ಸರ್."

"ಕೊಟ್ಟ ಅಂಕ ವಾಪಸ್ ತಗೊಳ್ಳೋಕೆ ನಿಯಮ ಇಲ್ಲ."

"ಸೀಟು ಬಿಡೋಕೆ ಇದ್ಯಾ?"

ಅದಕ್ಕೆ ನಿಯಮವಿತ್ತು. ಬೇರೆಯದೇ ಒಂದು ನಮೂನೆ ಇತ್ತು. ಮುನಿವೆಂಕಟಪ್ಪನವರು ಅದನ್ನು ಹುಡುಕಲು ಬಹಳ ಹೊತ್ತು ತೆಗೆದುಕೊಂಡರು, ಬೇಕೆಂದೇ. ನಾನು ಕಾದು ನಿಂತೆ.

ಮನೆಯಲ್ಲಿ ಅಪ್ಪ ಚೀಲವನ್ನು ಗೋಡೆಗೆ ಎಸೆದ. "ಇಪ್ಪತ್ತೆಂಟು ವರ್ಷದಿಂದ ಈ ಊರಲ್ಲಿ ದಿನಾ ಬಾಗಿಲು ಹುಡುಕಿ ಹುಡುಕಿ ಸಾಕಾಗಿದೆ ನನಗೆ. ನಿನಗೊಂದು ತಾನಾಗಿ ಸಿಕ್ಕಿತ್ತು" ಎಂದ. ಆಮೇಲೆ ದಸರೆಯವರೆಗೆ ನನ್ನ ಜೊತೆ ಮಾತು ಬಿಟ್ಟ. ಅವ್ವ ಇನ್ನೂ ಕಟುವಾಗಿದ್ದಳು. "ನಾನು ಕೇಳಿದ್ನಾ ನಿನ್ನ? ನನ್ನ ಹೆಸರು ಮುಂದಿಟ್ಕೊಂಡು ನಿನ್ನ ಓದಿಗೆ ಕಲ್ಲು ಹಾಕ್ಕೋಬೇಡ."

"ನಿನ್ನ ಹೆಸರಲ್ಲಿ ಅಲ್ಲವ್ವ. ಆ ಹನ್ನೊಂದು ಸುಳ್ಳು ಬರೆದೋಳು ನಾನು."

"ಹಂಗಾದ್ರೆ ನಾಳೆಯಿಂದ ಸುಣ್ಣ ಅರೆಯೋಕೆ ಬಾ" ಎಂದು ತಟ್ಟೆಗೆ ಮುದ್ದೆ ಹಾಕಿದಳು.

ಕಾಲೇಜು ಶುರುವಾದ ದಿನ ನಾನು ಸುಣ್ಣ ಅರೆಯುತ್ತಿದ್ದ ಜಾಗದ ಮುಂದೆಯೇ ಅವರ ಬಸ್ಸು ಹಾದುಹೋಯಿತು. ಕಿಟಕಿಗಳಲ್ಲಿ ಉದ್ದನೆಯ ನಕ್ಷೆಯ ಕೊಳವೆಗಳು ಕಾಣುತ್ತಿದ್ದವು. ನಾನು ಗೋಣಿತಾಟಿನ ಹಿಂದೆ ಕೂತು ಅತ್ತುಬಿಟ್ಟೆ. ನನ್ನ ಸೀಟು ಸಿಕ್ಕಿದ್ದು ವೈಜಯಂತಿ ಎಂಬ ದೂರದೂರಿನ ಹುಡುಗಿಗೆ. ಅವಳು ಒಂದು ಭಾನುವಾರ ನಮ್ಮ ಮನೆ ಹುಡುಕಿಕೊಂಡು ಬಂದು, ಬಾಗಿಲು ಸಿಗದೆ ಎರಡು ಸುತ್ತು ಹಾಕಿ, ಕೊನೆಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕ್ಷಮೆ ಕೇಳಿದಳು. ನಾನು ಅವಳನ್ನು ಒಳಗೆ ಕರೆಯಲಿಲ್ಲ. ಅವ್ವ ಕರೆದಳು. ಮುಂದಿನ ವಾರ ಅವಳು ಪುಸ್ತಕ ತಂದಳು, ಅವ್ವ ಅವಳ ಕೈಗೆ ಉಂಡೆಕಲ್ಲು ಕೊಟ್ಟಳು. ಐದು ವರ್ಷ ಅವಳ ಪುಸ್ತಕಗಳನ್ನೆಲ್ಲ ನಾನು ಓದಿದೆ. ಅವಳ ಮೇಲಿನ ಹೊಟ್ಟೆಕಿಚ್ಚು ಹೋಗಲು ಅದರಲ್ಲಿ ಮೂರು ವರ್ಷ ಬೇಕಾಯಿತು.

ಆದೇಶ ಹೋಗಲಿಲ್ಲ. ಅವ್ವನ ಕೆಲಸವೂ ನಿಲ್ಲಲಿಲ್ಲ. ಹೊಸ ಮನೆಗೆ ಪ್ರಮಾಣಪತ್ರ ಬೇಕು, ದುರಸ್ತಿಗೆ ಬೇಡ ಎಂದು ಆದೇಶದಲ್ಲೇ ಇತ್ತು, ಅದನ್ನು ಹೇಳಿಕೊಟ್ಟವರು ಮುನಿವೆಂಕಟಪ್ಪನವರು. ಜನ ಬಯಲಿನಲ್ಲಿ ಒಂದು ಕಲ್ಲಿಟ್ಟು, ನಮ್ಮ ಮನೆ ಬಹಳ ಶಿಥಿಲವಾಗಿದೆ ಎಂದು ಅರ್ಜಿ ಕೊಡುತ್ತಾರೆ. ಅವ್ವ ಮತ್ತು ನಾನು ಹೋಗಿ ಅದನ್ನು ದುರಸ್ತಿ ಮಾಡುತ್ತೇವೆ. ನಾಲ್ಕು ತಿಂಗಳಲ್ಲಿ ಅದಕ್ಕೆ ಸೂರು ಬರುತ್ತದೆ. ಬಡಾವಣೆಯ ಸರಳುಗಳನ್ನೂ ಒಂದೊಂದಾಗಿ ಕೊಯ್ದಿದ್ದೇವೆ, ಅದೂ ದುರಸ್ತಿಯೇ.

ನಾನು ಪ್ರತಿ ವರ್ಷ ಪರೀಕ್ಷೆಗೆ ಕೂರುತ್ತ ಬಂದಿದ್ದೇನೆ, ದಿಕ್ಕಿನ ಪ್ರಶ್ನೆಗಳಿಗೆ ನಮ್ಮೂರಿನ ಉತ್ತರವನ್ನೇ ಬರೆಯುತ್ತೇನೆ. ಎಪ್ಪತ್ತೈದು ಬರುತ್ತದೆ, ಎಪ್ಪತ್ತೊಂಬತ್ತು ಬರುತ್ತದೆ, ಒಂದು ವರ್ಷ ಎಂಬತ್ತೆರಡು ಬಂತು. ಮೂರು ದಿನದೊಳಗೆ ಆಕ್ಷೇಪಣೆ ಹಾಕುತ್ತೇನೆ. ಪರೀಕ್ಷೆ ಬರೆಯದವರೂ ಹಾಕಬಹುದು, ಎರಡನೆಯ ವರ್ಷ ನನ್ನ ಜೊತೆ ಅಂಬಕ್ಕ ಹಾಕಿದಳು. ಮೂರನೆಯ ವರ್ಷ ಹತ್ತೊಂಬತ್ತು ಜನ. ಈ ವರ್ಷ, ಇದು ಏಳನೆಯದು, ಇನ್ನೂರ ಹನ್ನೆರಡು ಆಕ್ಷೇಪಣೆಗಳಾದವು. ಅಷ್ಟನ್ನೂ ಮನೆಮನೆಯಿಂದ ಸಂಗ್ರಹಿಸಿ, ಎರಡು ಸಲ ಹೊತ್ತು ಕಚೇರಿಗೆ ತಲುಪಿಸಿದವನು ಅಪ್ಪ. ಹೋದ ವಾರ ಉತ್ತರ ಬಂತು. ಅಧ್ಯಕ್ಷರು ಬದಲಾಗಿದ್ದಾರೆ, ಹೊಸಬರು ಹೆಣ್ಣುಮಗಳು. ಸಮಿತಿ ನಮ್ಮೂರಿಗೆ ಸ್ಥಳ ಪರಿಶೀಲನೆಗೆ ಬರಲು ಒಪ್ಪಿದೆ, ಮುಂದಿನ ತಿಂಗಳು ಹತ್ತನೇ ತಾರೀಖು ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ, ಅನುಕೂಲವೇ ತಿಳಿಸಿ ಎಂದು ಕೇಳಿದ್ದಾರೆ.

ನಿನ್ನೆ ಉತ್ತರ ಬರೆದು ಅಪ್ಪನ ಕೈಗೆ ಕೊಟ್ಟೆ. ಎರಡು ಗಂಟೆ ಸಾಲದು, ಪರಿಶೀಲನೆಗೆ ಪೂರ್ತಿ ಒಂದು ವರ್ಷ ಬೇಕು, ಹಾಸಿಗೆ ಬಟ್ಟೆ ತನ್ನಿ, ಊಟ ನಮ್ಮದು ಎಂದು ಬರೆದಿದ್ದೇನೆ.